ನನಗೆ ಹೊಂದುವ ಸಭೆಯನ್ನು ಹುಡುಕಿಕೊಂಡ ಬಗೆ

ಕುಡಿತ ಬಿಡಬೇಕೆಂದು ನಿರ್ಧರಿಸಿದ ಮೇಲೆ ನಾನು ಮೊದಲು ಹೋದದ್ದು ಕುಡಿತ ಬಿಡಬಯಸುವವರು ಒಟ್ಟಿಗೆ ಸೇರುವ ಸಭೆಗಲ್ಲ, ವೈದ್ಯರ ಬಳಿಗೆ. ಬಹುಕಾಲ ದಿನವೂ ವಿಪರೀತ ಕುಡಿಯುತ್ತಿದ್ದವರು ಒಮ್ಮೆಲೇ ನಿಲ್ಲಿಸಿದರೆ ಕೈನಡುಕ, ಬೆವರು, ನಿದ್ರೆಗೇಡು ಮಾತ್ರವಲ್ಲ, ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಕೂಡ ಬರಬಹುದು; ಆಮೇಲಿನ ಒಂದೆರಡು ದಿನಗಳಲ್ಲಿ ಡೆಲಿರಿಯಂ ಟ್ರೆಮೆನ್ಸ್ ಎಂಬ ಸನ್ನಿ ಕಾಣಿಸಿಕೊಂಡು ಪ್ರಾಣಕ್ಕೇ ಕುತ್ತಾಗಬಹುದು. ಸಭೆಯಲ್ಲಿರುವವರು ಎಷ್ಟೇ ಅನುಭವಿಗಳಾದರೂ ಇದಕ್ಕೆ ಚಿಕಿತ್ಸೆ ಕೊಡಲಾರರು. ವೈದ್ಯರ ನಿಗಾದಲ್ಲಿ ಆ ದಿನಗಳನ್ನು ದಾಟಿದ ಮೇಲೆ ಹುಡುಕಾಟಕ್ಕೆ ತೊಡಗಿದೆ.

ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವವರ ಕೂಟವಾದ ಆಲ್ಕೊಹಾಲಿಕ್ಸ್ ಅನಾನಿಮಸ್, ಅಂದರೆ ಎ.ಎ., ತನ್ನ ಸಭೆಗಳ ಪಟ್ಟಿಯನ್ನು ಜಾಲತಾಣಗಳಲ್ಲಿಯೂ ಮೀಟಿಂಗ್ ಗೈಡ್ ಎಂಬ ಆ್ಯಪ್‌ನಲ್ಲಿಯೂ ಕೊಡುತ್ತದೆ. ಆದರೆ ಬಾಡಿಗೆಯ ಕೋಣೆಗಳಲ್ಲಿ ಸೇರುವ ಗುಂಪುಗಳು ಜಾಗವನ್ನೂ ಹೊತ್ತನ್ನೂ ಆಗಾಗ ಬದಲಿಸುವುದರಿಂದ, ಪಟ್ಟಿಯಲ್ಲಿದೆ ಎಂದ ಮಾತ್ರಕ್ಕೆ ಆ ದಿನ ಸಭೆ ಇದ್ದೇ ಇರುತ್ತದೆ ಎನ್ನುವಂತಿಲ್ಲ. ಹಾಗಾಗಿ ಸಹಾಯವಾಣಿಗೆ ಕರೆ ಮಾಡಿದೆ. ಫೋನ್ ಎತ್ತಿದವರು ತಾವೂ ಹಿಂದೆ ಕುಡಿಯುತ್ತಿದ್ದವರೇ. ಅವರು ನನ್ನ ಹೆಸರನ್ನು ಕೇಳಲಿಲ್ಲ, ಎಷ್ಟು ಕುಡಿಯುತ್ತಿದ್ದೆ ಎಂದೂ ಕೇಳಲಿಲ್ಲ. ಇಂದು ಸಭೆ ಇದೆಯೇ, ಯಾವ ಭಾಷೆಯಲ್ಲಿ ನಡೆಯುತ್ತದೆ, ಒಳಗೆ ಹೋಗುವುದು ಯಾವ ಬಾಗಿಲಿನಿಂದ ಎಂದು ನಾನೇ ಕೇಳಿದೆ. ಬಾಗಿಲಿನ ಪ್ರಶ್ನೆ ಅತಿಯೆನಿಸಬಹುದು. ಆದರೆ ಮೊದಲೇ ಅಳುಕಿರುವವನಿಗೆ ಕಟ್ಟಡ ಸುತ್ತುಹಾಕಿ ಹಿಂದಿರುಗಲು ಅಷ್ಟು ನೆಪ ಸಾಕು. “ಹತ್ತು ನಿಮಿಷ ಮೊದಲೇ ಬನ್ನಿ, ಬಾಗಿಲಲ್ಲಿ ಒಬ್ಬರು ನಿಂತಿರುತ್ತಾರೆ,” ಎಂದರು.

ಪಟ್ಟಿಯಲ್ಲಿ ನಾನು ಹೆಚ್ಚು ಹೊತ್ತು ನೋಡಿದ್ದು ಸಭೆಯ ಬಗೆಯನ್ನು. ಓಪನ್ ಸಭೆಗೆ ಮನೆಯವರು, ಗೆಳೆಯರು, ಸುಮ್ಮನೆ ತಿಳಿಯಬಯಸುವವರು, ಯಾರು ಬೇಕಾದರೂ ಬರಬಹುದು. ಕ್ಲೋಸ್ಡ್ ಸಭೆ ಕುಡಿತ ಬಿಡಬೇಕೆಂಬ ಆಸೆಯುಳ್ಳವರಿಗೆ ಮಾತ್ರ. ಆ ಆಸೆಯೊಂದರ ಹೊರತು ಸದಸ್ಯನಾಗಲು ಬೇರಾವ ಅರ್ಹತೆಯೂ ಬೇಕಿಲ್ಲ. ಸ್ಪೀಕರ್ ಸಭೆಯಲ್ಲಿ ಒಬ್ಬಿಬ್ಬರು ತಮ್ಮ ಕಥೆಯನ್ನು ವಿಸ್ತಾರವಾಗಿ ಹೇಳುತ್ತಾರೆ. ಸ್ಟೆಪ್ ಸಭೆಯಲ್ಲಿ, ಚೇತರಿಕೆಗೆಂದು ಎ.ಎ. ತೋರಿಸುವ ಹನ್ನೆರಡು ಹೆಜ್ಜೆಗಳಲ್ಲಿ ಒಂದನ್ನು ಓದಿ ಅದರ ಮೇಲೆ ಮಾತನಾಡುತ್ತಾರೆ. ಬಾಯಿ ಬಿಡಲು ಧೈರ್ಯವಿಲ್ಲದ ನಾನು ಓಪನ್ ಸ್ಪೀಕರ್ ಸಭೆಯನ್ನೇ ಆರಿಸಿಕೊಂಡೆ. ಹೊಸಬರಿಗೆ ಇದೇ ಸುಲಭದ ದಾರಿ ಎಂದು ಈಗಲೂ ನನ್ನ ಅಭಿಪ್ರಾಯ.

ಮುಂದೆ ಚರ್ಚೆಯ ಸಭೆಗೆ ಹೋದಾಗ ಮಾತು ಸಾಲಿನಲ್ಲಿ ಒಬ್ಬರಿಂದ ಒಬ್ಬರಿಗೆ ಬರುತ್ತಿತ್ತು. ನನ್ನ ಸರದಿಯಲ್ಲಿ “ಇಂದು ಕೇಳುತ್ತೇನಷ್ಟೆ” ಎಂದೆ. “ಸರಿ” ಎಂದು ಮುಂದಿನವರು ಮಾತು ಆರಂಭಿಸಿದರು. ಒಬ್ಬರು ಹೇಳುವಾಗ ಇನ್ನೊಬ್ಬರು ನಡುವೆ ಬಾಯಿ ಹಾಕಿ ಬುದ್ಧಿವಾದ ಹೇಳುವುದಿಲ್ಲವೆಂಬ ರೂಢಿ ಅಲ್ಲಿತ್ತು. ಶುಲ್ಕವಿಲ್ಲ, ಖರ್ಚಿಗೆಂದು ತಿರುಗುವ ಬುಟ್ಟಿಗೆ ಹೊಸಬರು ಏನನ್ನೂ ಹಾಕಬೇಕಿಲ್ಲ. 1935ರಲ್ಲಿ ಅಮೆರಿಕದ ಆಕ್ರಾನ್‌ನಲ್ಲಿ ಷೇರು ವ್ಯವಹಾರದ ಬಿಲ್ ವಿಲ್ಸನ್ ಮತ್ತು ಶಸ್ತ್ರವೈದ್ಯ ಬಾಬ್ ಸ್ಮಿತ್ ಕುಡುಕನಿಗೆ ಕುಡುಕನೇ ನೆರವಾಗುವ ಈ ಕ್ರಮವನ್ನು ಆರಂಭಿಸಿದರು. ಇಂದಿಗೂ ಅದರ ತಿರುಳು ಅಷ್ಟೇ.

ಒಂದೇ ಸಭೆಯನ್ನು ನೋಡಿ ತೀರ್ಮಾನಿಸಬಾರದೆಂದು ನಾನು ಒತ್ತಿ ಹೇಳುತ್ತೇನೆ. ಒಂದು ಗುಂಪಿನಲ್ಲಿ ಎಲ್ಲರೂ ನನಗಿಂತ ತೀರ ಹಿರಿಯರಾಗಿದ್ದರು, ಇನ್ನೊಂದರಲ್ಲಿ ಪ್ರಾರ್ಥನೆಯೇ ಹೆಚ್ಚಾಯಿತೆನಿಸಿತು. ಪ್ರತಿ ಗುಂಪೂ ಸ್ವತಂತ್ರವಾದ್ದರಿಂದ ಒಂದರ ಸ್ವಭಾವ ಮತ್ತೊಂದಕ್ಕಿರುವುದಿಲ್ಲ. ಹೆಂಗಸರಿಗೆ ಮಾತ್ರ, ಯುವಕರಿಗೆ ಮಾತ್ರ ಎಂಬ ಸಭೆಗಳೂ ಉಂಟು. ದೇವರ ಮಾತು ಯಾವ ರೂಪದಲ್ಲಿಯೂ ಒಗ್ಗದವರಿಗೆ, 1994ರಲ್ಲಿ ಆರಂಭವಾದ ಸ್ಮಾರ್ಟ್ ರಿಕವರಿಯಂತಹ ಗುಂಪುಗಳಿವೆ. ಅಲ್ಲಿ ಹೆಜ್ಜೆಗಳಿಲ್ಲ, ಆಲೋಚನೆ ಮತ್ತು ನಡವಳಿಕೆಗಳನ್ನು ತಿದ್ದಿಕೊಳ್ಳುವ ಅಭ್ಯಾಸಗಳಿವೆ. ಯಾರಾದರೂ “ಮಾತ್ರೆ ಬಿಟ್ಟುಬಿಡಿ, ಸಭೆಯೇ ಸಾಕು” ಎಂದರೆ ಮಾತ್ರ ಕಿವಿಗೊಡಬೇಡಿ. ಸದಸ್ಯರು ತಾವೇ ವೈದ್ಯರಂತೆ ಸಲಹೆ ಕೊಡಬಾರದೆಂದು ಎ.ಎ. ಸಾಹಿತ್ಯವೇ ಹೇಳುತ್ತದೆ.

ಇದೆಲ್ಲ ಬರೀ ನಂಬಿಕೆಯೇ ಎಂಬ ಅನುಮಾನ ನನಗೂ ಇತ್ತು. 27 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದ ಕಾಕ್ರೇನ್ ಎಂಬ ವೈದ್ಯಕೀಯ ಸಂಶೋಧನಾ ಸಂಸ್ಥೆಯ 2020ರ ವಿಮರ್ಶೆಯ ಪ್ರಕಾರ, ಜನರನ್ನು ಕ್ರಮಬದ್ಧವಾಗಿ ಎ.ಎ.ಯತ್ತ ಕರೆದೊಯ್ಯುವ ಚಿಕಿತ್ಸೆಗಳು ಕುಡಿತದಿಂದ ಪೂರ್ತಿ ದೂರವಿರುವುದರಲ್ಲಿ ಇತರ ಹೆಸರಾದ ಚಿಕಿತ್ಸೆಗಳಿಗಿಂತ ಉತ್ತಮ ಫಲ ಕೊಟ್ಟವು. ‘ಕರೆದೊಯ್ಯುವ’ ಎಂಬುದನ್ನು ಗಮನಿಸಬೇಕು: ವಿಳಾಸದ ಚೀಟಿಯೊಂದನ್ನು ಕೈಗಿತ್ತು ಕಳುಹಿಸುವುದಕ್ಕಿಂತ ಜೊತೆಗೊಬ್ಬರು ಬರುವುದು ಬೇರೆ. ನಾನೂ ಆಪ್ತಸಮಾಲೋಚಕರಿಗೆ ಹೇಳಿ, ಹಳೆಯ ಸದಸ್ಯರೊಬ್ಬರ ಜೊತೆಯಲ್ಲಿ ಹೋಗುವ ಏರ್ಪಾಡು ಮಾಡಿಸಿಕೊಂಡೆ.

ಸ್ಪಾನ್ಸರ್, ಅಂದರೆ ಹೊಸಬರಿಗೆ ದಾರಿ ತೋರುವ ಅನುಭವಿ ಸದಸ್ಯ; ಅವರನ್ನು ಆರಿಸುವುದಕ್ಕೆ ಅವಸರಪಡಲಿಲ್ಲ. ಚೆನ್ನಾಗಿ ಮಾತನಾಡುವವರಿಗಿಂತ, ಸಭೆ ಮುಗಿದ ಮೇಲೂ ಹೊಸಬರ ಜೊತೆ ನಿಂತು ಮಾತು ಕೇಳಿಸಿಕೊಳ್ಳುವವರನ್ನು ಗಮನಿಸುತ್ತಿದ್ದು, ಕೊನೆಗೆ ಅಂಥ ಒಬ್ಬರನ್ನೇ ಕೇಳಿದೆ. ಗಂಡಸರಿಗೆ ಗಂಡಸರೇ, ಹೆಂಗಸರಿಗೆ ಹೆಂಗಸರೇ ಸ್ಪಾನ್ಸರ್ ಆಗುವ ವಾಡಿಕೆ ವಿವೇಕದ್ದು. ಮನೆಯವರಿಗೆ 1951ರಲ್ಲಿ ಹುಟ್ಟಿದ ಅಲ್-ಅನಾನ್ ಎಂಬ ಪ್ರತ್ಯೇಕ ಕೂಟವಿದೆ; ಕುಡಿಯುವವನು ಬಿಡಲಿ ಬಿಡದಿರಲಿ, ಅವರು ಅಲ್ಲಿಗೆ ಹೋಗಬಹುದು.

ಈಗ ವಾರದ ಖಾಯಂ ಸಭೆಯ ಜೊತೆಗೆ, ಅದು ತಪ್ಪಿದರೆ ಸೇರಲೆಂದು ಆನ್‌ಲೈನ್ ಸಭೆಯೊಂದರ ಹೊತ್ತನ್ನೂ ಫೋನಿನಲ್ಲಿ ಗುರುತು ಹಾಕಿಟ್ಟಿದ್ದೇನೆ. ನಮ್ಮ ಗುಂಪಿನ ಸಮಯ ಬದಲಾದಾಗ ಅದೇ ದಿನ ಪಟ್ಟಿಯನ್ನು ತಿದ್ದಿಸುವ ಕೆಲಸ ನನ್ನದು.