ಜೈವಿಕ ಇಂಧನದ ಬೆಲೆಯನ್ನು ಲೆಕ್ಕ ಹಾಕಿ ನೋಡುವುದು ಹೇಗೆ?

ಬೆಳೆಗಳಿಂದ ತಯಾರಿಸಿ ಪೆಟ್ರೋಲ್‌ಗೆ ಬೆರೆಸುವ ಎಥೆನಾಲ್‌ನ ಬೆಲೆ ಏರಿದಾಗ ಕೆಲವರು ಕಚ್ಚಾ ತೈಲವನ್ನು ಕಾರಣವೆನ್ನುತ್ತಾರೆ, ಕೆಲವರು ಬೆಳೆಯ ಕೊರತೆಯನ್ನು, ಇನ್ನು ಕೆಲವರು ಮಿಶ್ರಣವನ್ನು ಕಡ್ಡಾಯಗೊಳಿಸುವ ಸರ್ಕಾರದ ಆದೇಶವನ್ನು. ಮೂರೂ ಕಾರಣಗಳು ನಿಜವೇ, ಆದರೆ ಎಲ್ಲ ಕಾಲದಲ್ಲೂ ಸಮನಾಗಿ ಅಲ್ಲ. ಈಗ ಬೆಲೆಯನ್ನು ಎಳೆಯುತ್ತಿರುವುದು ಯಾವುದು ಎಂದು ಗುರುತಿಸದೆ ಮುಂದಿನ ತಿಂಗಳ ಬಗ್ಗೆ ಏನನ್ನೂ ಹೇಳಲಾಗದು. ಅದನ್ನು ಗುರುತಿಸುವ ಕ್ರಮ ಇಲ್ಲಿದೆ.

ಮೊದಲು ಬೆಳೆಯ ನಿವ್ವಳ ವೆಚ್ಚ

ಉತ್ಪಾದನಾ ವೆಚ್ಚದ ಸಿಂಹಪಾಲು ಬೆಳೆಯದ್ದೇ. ಅಮೆರಿಕದಲ್ಲಿ ಒಂದು ಬುಷೆಲ್, ಅಂದರೆ ಸುಮಾರು 25.4 ಕಿಲೋ ಮೆಕ್ಕೆಜೋಳದಿಂದ ಹೆಚ್ಚುಕಡಿಮೆ 10.6 ಲೀಟರ್ ಎಥೆನಾಲ್ ಸಿಗುತ್ತದೆ. ಜೊತೆಗೆ ಏಳೂವರೆ ಕಿಲೋಗೂ ಹೆಚ್ಚು ಒಣ ಶೇಷ ಉಳಿಯುತ್ತದೆ. ಪ್ರೋಟೀನ್ ಸಮೃದ್ಧವಾದ ಈ ಶೇಷ ಪಶು ಆಹಾರವಾಗಿ ಮಾರಾಟವಾಗುತ್ತದೆ. ಹೀಗಾಗಿ ಒಂದು ಲೀಟರ್ ಎಥೆನಾಲ್‌ಗೆ 2.4 ಕಿಲೋ ಜೋಳ ಬೇಕು, 0.7 ಕಿಲೋ ಶೇಷ ಮರಳಿ ಬರುತ್ತದೆ. ಶೇಷದ ದರ ಜೋಳದ ದರದ ಆಸುಪಾಸಿನಲ್ಲೇ ಇದೆ ಎಂದುಕೊಂಡರೆ ಕಾರ್ಖಾನೆಯ ಕೈಯಿಂದ ಹೋಗುವುದು 1.7 ಕಿಲೋ ಜೋಳದ ಹಣ ಮಾತ್ರ. ಅಮೆರಿಕದ ಮೆಕ್ಕೆಜೋಳದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಎಥೆನಾಲ್ ಕಾರ್ಖಾನೆಗಳಿಗೆ ಹೋಗುತ್ತದೆ ಎಂದು ಕಳವಳಪಡುವವರು ಈ ಮರಳಿ ಬರುವ ಪಾಲನ್ನು ಕಳೆಯಲು ಮರೆಯುತ್ತಾರೆ. ಕಳೆಯದೆ ಆಡುವ ಚರ್ಚೆ ನ್ಯಾಯವಾದುದಲ್ಲ ಎಂಬುದು ನನ್ನ ದೃಢ ಅಭಿಪ್ರಾಯ.

ನಂತರ ತೈಲದ ಜೊತೆ ಹೋಲಿಕೆ

ಒಂದು ಲೀಟರ್ ಎಥೆನಾಲ್‌ನಲ್ಲಿರುವ ಶಕ್ತಿ ಒಂದು ಲೀಟರ್ ಪೆಟ್ರೋಲ್‌ನಲ್ಲಿರುವುದರ ಮೂರನೇ ಎರಡರಷ್ಟು. ಲೆಕ್ಕಕ್ಕಾಗಿ ಪೆಟ್ರೋಲ್‌ನ ಸಗಟು ಬೆಲೆ ಲೀಟರಿಗೆ 60 ಸೆಂಟ್, ಜೋಳ ಬಿಟ್ಟು ಉಳಿದ ಸಂಸ್ಕರಣಾ ವೆಚ್ಚ 10 ಸೆಂಟ್ ಎಂದಿಟ್ಟುಕೊಳ್ಳೋಣ. ಶಕ್ತಿಯ ಆಧಾರದಲ್ಲಿ ಎಥೆನಾಲ್‌ನ ಮೌಲ್ಯ 40 ಸೆಂಟ್, ಸಂಸ್ಕರಣೆಯನ್ನು ಕಳೆದರೆ 30, ಅದನ್ನು 1.7ರಿಂದ ಭಾಗಿಸಿದರೆ, ನಷ್ಟವಾಗದಂತೆ ಕಾರ್ಖಾನೆ ಜೋಳಕ್ಕೆ ಕಿಲೋಗೆ ಕೊಡಬಹುದಾದ ಗರಿಷ್ಠ ಬೆಲೆ 17.6 ಸೆಂಟ್. ಪೆಟ್ರೋಲ್ 75 ಸೆಂಟ್‌ಗೆ ಏರಿದರೆ ಇದೇ ಮಿತಿ 23.5 ಸೆಂಟ್‌ಗೆ ಹೋಗುತ್ತದೆ. ಪೆಟ್ರೋಲ್ ಏರಿದ್ದು ಶೇ 25, ಜೋಳಕ್ಕೆ ಕೊಡಬಹುದಾದ ಬೆಲೆ ಏರಿದ್ದು ಶೇ 33. ಇಂಧನ ಮಾರುಕಟ್ಟೆಯ ಏರಿಳಿತ ಹೊಲದ ಬದುವಿನವರೆಗೆ ಬರುವುದು, ಅದೂ ಹಿಗ್ಗಿ ಬರುವುದು ಈ ದಾರಿಯಲ್ಲೇ. ಎಥೆನಾಲ್ ಪೆಟ್ರೋಲ್‌ನ ಆಕ್ಟೇನ್ ಮಟ್ಟವನ್ನೂ (ಎಂಜಿನ್‌ನಲ್ಲಿ ಹೊತ್ತಿಗೆ ಮುಂಚೆ ಉರಿಯದಿರುವ ಗುಣ) ಹೆಚ್ಚಿಸುವುದರಿಂದ, ಅಲ್ಪ ಪ್ರಮಾಣದ ಮಿಶ್ರಣದಲ್ಲಿ ಅದಕ್ಕೆ ಶಕ್ತಿಯ ಲೆಕ್ಕಕ್ಕಿಂತ ಹೆಚ್ಚಿನ ಬೆಲೆ ಸಿಗುವುದುಂಟು.

ಆದೇಶ ಬಿಗಿಯಾಗಿದೆಯೇ ಎಂಬ ಪರೀಕ್ಷೆ

ಇದು ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ. ಅಮೆರಿಕ 2005ರಲ್ಲಿ ಕಡ್ಡಾಯ ಮಿಶ್ರಣದ ಕಾನೂನು ತಂದು 2007ರಲ್ಲಿ ಅದನ್ನು ವಿಸ್ತರಿಸಿತು. ಅಲ್ಲಿನ ತೈಲ ಕಂಪನಿಗಳು ತಮ್ಮ ಪಾಲಿನ ಜೈವಿಕ ಇಂಧನ ಬಳಕೆಯಾಗಿದೆಯೆಂದು ತೋರಿಸಲು ಆರ್‌ಐಎನ್ ಎಂಬ ಪ್ರಮಾಣಪತ್ರಗಳನ್ನು ಸಲ್ಲಿಸಬೇಕು. ಅವು ಮಾರುಕಟ್ಟೆಯಲ್ಲಿ ಕೈ ಬದಲಾಯಿಸುತ್ತವೆ. ಪ್ರಮಾಣಪತ್ರದ ಬೆಲೆ ಶೂನ್ಯದ ಹತ್ತಿರವಿದ್ದರೆ ಲಾಭವಿದೆ ಎಂಬ ಕಾರಣಕ್ಕೇ ಮಿಶ್ರಣ ನಡೆಯುತ್ತಿದೆ, ಬೆಲೆಯ ಚುಕ್ಕಾಣಿ ತೈಲದ ಕೈಯಲ್ಲಿದೆ ಎಂದು ತಿಳಿಯಬೇಕು. ಪ್ರಮಾಣಪತ್ರದ ಬೆಲೆ ಏರಿದ್ದರೆ ಆದೇಶದ ಬಲದಿಂದ ಬೇಡಿಕೆ ನಿಂತಿದೆ ಎಂದರ್ಥ. 2013ರಲ್ಲಿ ಪೆಟ್ರೋಲ್‌ಗೆ ಸಾಮಾನ್ಯವಾಗಿ ಬೆರೆಸುವ ಶೇ 10ರ ಮಿತಿಯನ್ನೇ ಆದೇಶದ ಪ್ರಮಾಣ ಮುಟ್ಟಿದಾಗ, ಕೆಲವೇ ಸೆಂಟ್‌ಗಳಿಗೆ ಸಿಗುತ್ತಿದ್ದ ಪ್ರಮಾಣಪತ್ರ ಜುಲೈ ಹೊತ್ತಿಗೆ ಒಂದು ಡಾಲರ್ ದಾಟಿತು.

ಆದೇಶ ಬಿಗಿಯಾಗಿದ್ದಾಗ ಬೆಳೆ ಎಷ್ಟೇ ದುಬಾರಿಯಾದರೂ ಇಂಧನದ ಬೇಡಿಕೆ ಸುಲಭವಾಗಿ ಇಳಿಯುವುದಿಲ್ಲ. ಕೊರತೆಯ ವರ್ಷದಲ್ಲಿ ಬಳಕೆ ತಗ್ಗಿಸುವ ಭಾರ ಪಶುಪಾಲಕರ ಮೇಲೂ ಧಾನ್ಯ ಆಮದು ಮಾಡಿಕೊಳ್ಳುವ ದೇಶಗಳ ಮೇಲೂ ಬೀಳುತ್ತದೆ. 2012ರ ಬರಗಾಲದಲ್ಲಿ ಅಮೆರಿಕದ ಮೆಕ್ಕೆಜೋಳ ಬುಷೆಲ್‌ಗೆ 8 ಡಾಲರ್ ಮೀರಿದಾಗ ಹಲವು ರಾಜ್ಯಗಳ ಗವರ್ನರ್‌ಗಳು ಆದೇಶವನ್ನು ತಾತ್ಕಾಲಿಕವಾಗಿ ಸಡಿಲಿಸುವಂತೆ ಕೋರಿದರು; ಪರಿಸರ ಸಂರಕ್ಷಣಾ ಸಂಸ್ಥೆ ನವೆಂಬರ್‌ನಲ್ಲಿ ಆ ಕೋರಿಕೆಯನ್ನು ತಿರಸ್ಕರಿಸಿತು. ಬರದ ವರ್ಷದಲ್ಲಿ ತಾನಾಗಿಯೇ ಸಡಿಲಗೊಳ್ಳುವ ಅವಕಾಶ ಇಂಥ ಆದೇಶಗಳಲ್ಲಿ ಇರಲೇಬೇಕು. ಅದಿಲ್ಲದಿದ್ದರೆ ಇಂಧನ ನೀತಿಯ ಬೆಲೆಯನ್ನು ಆಹಾರಕ್ಕೆ ಆದಾಯದ ಹೆಚ್ಚಿನ ಪಾಲು ವ್ಯಯಿಸುವ ಕುಟುಂಬಗಳು ತೆರಬೇಕಾಗುತ್ತದೆ.

ಬೆಳೆ ಬದಲಾದರೆ ಲೆಕ್ಕವೂ ಬೇರೆ

ಬ್ರೆಜಿಲ್‌ನಲ್ಲಿ ಒಂದೇ ಕಬ್ಬು ಸಕ್ಕರೆಯೂ ಆಗಬಹುದು, ಎಥೆನಾಲ್ ಕೂಡ. ಅನೇಕ ಕಾರ್ಖಾನೆಗಳು ಹಂಗಾಮಿನ ನಡುವೆಯೇ ಒಂದು ಮಿತಿಯೊಳಗೆ ಎರಡರ ಪ್ರಮಾಣವನ್ನು ಬದಲಿಸಬಲ್ಲವು. ಪೆಟ್ರೋಲ್, ಎಥೆನಾಲ್ ಎರಡರಲ್ಲೂ ಓಡುವ ಕಾರುಗಳು 2003ರಲ್ಲಿ ಅಲ್ಲಿ ಮಾರುಕಟ್ಟೆಗೆ ಬಂದವು. ಎಥೆನಾಲ್ ದರ ಪೆಟ್ರೋಲ್ ದರದ ಶೇ 70ಕ್ಕಿಂತ ಕಡಿಮೆಯಿದ್ದರೆ ಎಥೆನಾಲ್ ತುಂಬಿಸುವುದು ಲಾಭ ಎಂಬುದು ಅಲ್ಲಿನ ಚಾಲಕರ ರೂಢಿಯ ಲೆಕ್ಕ. ಆದ್ದರಿಂದ ತೈಲ ದುಬಾರಿಯಾದಾಗ ಕಬ್ಬು ಎಥೆನಾಲ್‌ನತ್ತ ತಿರುಗಿ ಜಗತ್ತಿನ ಸಕ್ಕರೆ ಪೂರೈಕೆ ಬಿಗಿಯಾಗುತ್ತದೆ. ಆದರೆ ಬ್ರೆಜಿಲ್‌ನ ಕರೆನ್ಸಿ ಕುಸಿದರೆ ಡಾಲರ್‌ನಲ್ಲಿ ಮಾರಾಟವಾಗುವ ಸಕ್ಕರೆಯೇ ಹೆಚ್ಚು ಲಾಭದಾಯಕವಾಗಿ ಕಾಣುತ್ತದೆ.

ಜೈವಿಕ ಡೀಸೆಲ್‌ನ ವಿಷಯದಲ್ಲಿ ಖಾದ್ಯ ತೈಲವನ್ನು ನೋಡಬೇಕು. ಸೋಯಾದಲ್ಲಿ ಎಣ್ಣೆ ಐದನೇ ಒಂದು ಪಾಲಿನಷ್ಟೇ. ಉಳಿದುದರಲ್ಲಿ ಹೆಚ್ಚಿನದು ಹಿಂಡಿ. ಡೀಸೆಲ್‌ಗಾಗಿ ಎಣ್ಣೆಯ ಬೇಡಿಕೆ ಹೆಚ್ಚಿ ಸೋಯಾ ಅರೆಯುವುದು ಹೆಚ್ಚಿದಾಗ ಹಿಂಡಿ ಮಾರುಕಟ್ಟೆಯಲ್ಲಿ ತುಂಬಿ ಅಗ್ಗವಾಗುವುದುಂಟು. ಅಡುಗೆ ಎಣ್ಣೆ ಕೊಳ್ಳುವವರಿಗೆ ನಷ್ಟ, ಕೋಳಿ ಸಾಕುವವರಿಗೆ ಲಾಭ. ಇಂಡೊನೇಷ್ಯಾ ಡೀಸೆಲ್‌ನಲ್ಲಿ ತಾಳೆ ಎಣ್ಣೆ ಆಧಾರಿತ ಇಂಧನದ ಪಾಲನ್ನು 2020ರಲ್ಲಿ ಶೇ 30ಕ್ಕೂ 2023ರಲ್ಲಿ ಶೇ 35ಕ್ಕೂ ಏರಿಸಿತು. ಜಗತ್ತಿನ ಅತಿ ದೊಡ್ಡ ತಾಳೆ ಎಣ್ಣೆ ಉತ್ಪಾದಕ ದೇಶ ಹೀಗೆ ಮಾಡಿದಾಗ ರಫ್ತಿಗೆ ಉಳಿಯುವ ಎಣ್ಣೆ ಅಷ್ಟರಮಟ್ಟಿಗೆ ಕುಗ್ಗುತ್ತದೆ.

ಕೊನೆಯದಾಗಿ ದಾಸ್ತಾನು

ಅಮೆರಿಕದ ಕೃಷಿ ಇಲಾಖೆ ಪ್ರತಿ ತಿಂಗಳು ಪ್ರಕಟಿಸುವ ಪೂರೈಕೆ–ಬೇಡಿಕೆ ಅಂದಾಜಿನಲ್ಲಿ ವರ್ಷಾಂತ್ಯದ ದಾಸ್ತಾನು ಮತ್ತು ಒಟ್ಟು ಬಳಕೆಯ ಅನುಪಾತವನ್ನು ನೋಡಿ. ಉಗ್ರಾಣಗಳು ತುಂಬಿದ್ದರೆ ಇಂಧನದ ಹೆಚ್ಚುವರಿ ಬೇಡಿಕೆಯನ್ನು ಮಾರುಕಟ್ಟೆ ತಾಳಿಕೊಳ್ಳುತ್ತದೆ. ಬರಿದಾಗಿದ್ದರೆ ಸಣ್ಣ ಏರಿಕೆಯೂ ಬೆಲೆಯನ್ನು ಹಾರಿಸುತ್ತದೆ. ಆದರೆ ತೈಲ ಮತ್ತು ಧಾನ್ಯದ ಬೆಲೆಗಳು ಒಟ್ಟಿಗೆ ಏರಿದ ಮಾತ್ರಕ್ಕೆ ಅದು ಜೈವಿಕ ಇಂಧನದ್ದೇ ಕೆಲಸ ಎಂದು ತೀರ್ಮಾನಿಸಬಾರದು. ಸಾರಜನಕ ಗೊಬ್ಬರ ತಯಾರಾಗುವುದು ಹೆಚ್ಚಾಗಿ ನೈಸರ್ಗಿಕ ಅನಿಲದಿಂದ, ಟ್ರ್ಯಾಕ್ಟರ್ ಮತ್ತು ಹಡಗು ಓಡುವುದು ತೈಲದಿಂದ, ಇವೆಲ್ಲದರ ವಹಿವಾಟು ಬಹುಪಾಲು ಡಾಲರ್‌ನಲ್ಲಿ. 2007–08ರ ಆಹಾರ ಬೆಲೆ ಬಿಕ್ಕಟ್ಟಿನಲ್ಲಿ ಈ ಎಲ್ಲವೂ ಕೆಲವು ದೇಶಗಳ ರಫ್ತು ನಿಷೇಧಗಳ ಜೊತೆ ಸೇರಿಕೊಂಡಿದ್ದವು. ಅದರಲ್ಲಿ ಜೈವಿಕ ಇಂಧನದ ಪಾಲೆಷ್ಟು ಎಂಬ ಬಗ್ಗೆ ಅರ್ಥಶಾಸ್ತ್ರಜ್ಞರ ಅಂದಾಜುಗಳು ಒಂದಕ್ಕೊಂದು ಬಹಳ ದೂರದಲ್ಲಿವೆ.