ಗ್ವಾಡಿ ಹಸಿ ಹಿಡದೈತೇನು? ಬಣ್ಣ ಆಮ್ಯಾಲೆ, ಮೊದಲ ನೀರು ಹುಡುಕ್ರಿ

ಧಾರವಾಡದ ಜಿಟಿಜಿಟಿ ಮಳಿಗೆ ಶ್ರಾವಣದಾಗ ಗ್ವಾಡಿ ಬಣ್ಣ ಉಬ್ಬತೈತಿ, ದೀಪಾವಳಿಗೆ ಪೇಂಟರ್‌ನ ಕರಸಿ ವಾಟರ್‌ಪ್ರೂಫ್ ಪೇಂಟ್ ಹೊಡಸ್ತಾರ, ಮುಂದಿನ ಮಳಿಗಾಲದಾಗ ಮತ್ತ ಅದ ಜಾಗ ಉಬ್ಬತೈತಿ. ಎಷ್ಟೋ ಮನ್ಯಾಗ ಇದನ್ನ ನೋಡಿ ಹೊಟ್ಟಿ ಉರದೈತಿ. ನೀರು ಎಲ್ಲಿಂದ ಬರತೈತಿ ಅಂತ ತಿಳಿಯೂತನಕ ಒಂದು ರೂಪಾಯಿನೂ ಬಿಚ್ಚಬ್ಯಾಡ್ರಿ.

ಮೊದಲ ಹಸಿ ಇದ್ದಷ್ಟು ಜಾಗದ ಸುತ್ತ ಪೆನ್ಸಿಲ್ಲಿಂದ ಗೆರಿ ಎಳದು ತಾರೀಕು ಬರೀರಿ. ನೆಲದಿಂದ ಮ್ಯಾಲೆ ಎರಡು-ಮೂರು ಫೂಟಿನ ತನಕ ಒಂದ ಪಟ್ಟಿ ಹಂಗ ಹಸಿ ಇದ್ದು, ಬಿಳಿ ಉಪ್ಪು ಪುಡಿಪುಡಿ ಉದುರತಿದ್ರ ಅದು ಬಹಳ ಮಾಡಿ ಪಾಯಾದಿಂದ ಏರಿದ ನೀರು. ಮಳಿ ಆದಾಗ ಅಷ್ಟ ಕಿಡಕಿ ಕೆಳಗ, ಸ್ಲ್ಯಾಬ್ ಅಂಚಿಗೆ ಕಲಿ ಬಿದ್ರ ಹೊರಗಿನ ಬಿರುಕು. ಬ್ಯಾಸಗ್ಯಾಗೂ ಆರಲಿಲ್ಲಂದ್ರ ಬಚ್ಚಲಾ ಇಲ್ಲಾ ಪೈಪ್ ಮ್ಯಾಲೆ ಸಂಶೆ ಇಡ್ರಿ. ಕಪಾಟಿನ ಹಿಂದ, ಮೂಲ್ಯಾಗ ಕರಿ ಬೂಸು ಬಂದು ಉಪ್ಪಿಲ್ಲಂದ್ರ ಅದು ಒಳಗಿನ ಗಾಳಿ ತೇವ, ಕಪಾಟು ನಾಕು ಇಂಚು ಮುಂದ ಎಳದು ಕಿಡಕಿ ತಗದಿಡ್ರಿ, ಸಾಕು.

ಡೌಟ್ ಇದ್ರ ಫಾಯಿಲ್ ಟೆಸ್ಟ್ ಮಾಡ್ರಿ. ಎಲ್ಲಾರೂ ಕೆಡಸೂದು ಇಲ್ಲೇ, ಹಸಿ ಗ್ವಾಡಿಗೇನ ಹಚ್ಚಿಬಿಡ್ತಾರ. ಮೊದಲ ಫ್ಯಾನ್ ಹಚ್ಚಿ ಮ್ಯಾಲಿನ ಪದರ ಒಣಗಸ್ರಿ, ಆಮ್ಯಾಲೆ ಒಂದು ಫೂಟ್ ಚೌಕದ ಅಲ್ಯುಮಿನಿಯಂ ಫಾಯಿಲ್ ಇಟ್ಟು ನಾಕೂ ಕಡೆ ಗಾಳಿ ಹೋಗದಂಗ ಟೇಪ್ ಹಚ್ಚಿ ಎರಡು ದಿನ ಬಿಡ್ರಿ. ನಮ್ಮ ಕಡೆ ಮುಖಕ್ಕ ಹನಿ ಕಂಡ್ರ ಗಾಳಿ ತೇವ, ಬಿಚ್ಚಿದಾಗ ಗ್ವಾಡಿ ಕಡೆ ಮುಖ ತೊಯ್ದಿದ್ರ ನೀರು ಗ್ವಾಡಿ ಒಳಗಿಂದ ಬರತೈತಿ.

ಪೈಪ್ ಲೀಕೇಜ್ ನೋಡಾಕ ಮೀಟರ್ ನಂಬಬ್ಯಾಡ್ರಿ, ಹುಬ್ಬಳ್ಳಿಯೊಳಗ ಎಷ್ಟೋ ಓಣಿಗೆ ನಳ ದಿನಾ ಬರೂದಿಲ್ಲ. ರಾತ್ರಿ ಎಲ್ಲಾ ನಳ ಬಂದ್ ಮಾಡಿ, ಮ್ಯಾಲಿನ ಟ್ಯಾಂಕಿಗೂ ಸಂಪಿಗೂ ನೀರಿನ ಮಟ್ಟಕ್ಕ ಗುರುತು ಹಾಕಿ ಮುಂಜಾನೆ ನೋಡ್ರಿ. ಯಾವುದು ಇಳದೈತೋ ಅಲ್ಲೇ ಕಳ್ಳ.

ಇನ್ನ ರಿಪೇರಿ. ಬಿರುಕು ಹೊರಗಿಂದನ ಮುಚ್ಚಸ್ರಿ. ಗ್ವಾಡಿಗೆ ಹತ್ತಿ ಎರಿಮಣ್ಣು ಒಟ್ಟಿದ್ರ ಒಳಗಿನ ನೆಲಕ್ಕಿಂತ ಅರ್ಧ ಫೂಟ್ ಕೆಳಗ ಬರೂ ಹಂಗ ತಗಸ್ರಿ, ಆ ಮಣ್ಣು ನೀರು ಹಿಡಕೊಂಡು ಕುಂದರತೈತಿ. ಇಷ್ಟಾದ್ರೂ ನೀರು ಏರತಿದ್ರ ಇಟ್ಟಂಗಿ ಗ್ವಾಡಿಗೆ ತೂತು ಕೊರದು, ನೀರು ಮ್ಯಾಲೆ ಏರದಂಗ ತಡಿಯಾಕ ಸಿಲಿಕೋನ್ ಇಂಜೆಕ್ಷನ್ ಮಾಡ್ತಾರ, ಅದನ್ನ ಕೆಲಸ ಗೊತ್ತಿದ್ದವರಿಂದನ ಮಾಡಸ್ರಿ. ಹಳೇ ಕಲ್ಲು-ಮಣ್ಣಿನ ಗ್ವಾಡಿಗೆ ಮಾತ್ರ ಸಿಮೆಂಟ್ ಗಿಲಾವ್ ಬ್ಯಾಡ, ಗೌಂಡಿ ಎಷ್ಟ ಹೇಳಿದ್ರೂ ಬ್ಯಾಡ, ನೀರು ಒಳಗ ಸಿಕ್ಕೊಂಡು ಇನ್ನೂ ಮ್ಯಾಲೆ ಏರತೈತಿ. ಸುಣ್ಣದ ಗಿಲಾವನ ಹಾಕಸ್ರಿ.

ಉಪ್ಪು ಹಿಡಿದ ಗಿಲಾವ್ ಹಸಿ ಗೆರಿಗಿಂತ ಒಂದು ಫೂಟ್ ಮ್ಯಾಲಿನ ತನಕ ಕೆತ್ತಿಸಿ ಗ್ವಾಡಿ ಬತ್ತಲೆ ಬಿಡ್ರಿ. ಇಂಚಿಗೆ ಒಂದು ತಿಂಗಳು ಅಂತ ಲೆಕ್ಕ, ಒಂಬತ್ತಿಂಚಿನ ಗ್ವಾಡಿ ಎಂಟು-ಒಂಬತ್ತು ತಿಂಗಳು ತಗೋಬಹುದು. ಹಬ್ಬ ಬಂತು ಅಂತ ನಡುವ ಪುಟ್ಟಿ ಹಚ್ಚಸಬ್ಯಾಡ್ರಿ. ಹೊಸ ಗಿಲಾವ್ ಹಾಕೂ ಮುಂಚೆ ಫಾಯಿಲ್ ಇನ್ನೊಮ್ಮೆ ಹಚ್ಚಿ ನೋಡ್ರಿ.