ಮದ್ದಿಗೆ ಬಗ್ಗದ ಕಳೆ, ಕೊಟ್ಟಿಗೆಯ ಹೋರಿ

ಶಿರಸಿ ಸೀಮೆಯಲ್ಲಿ ತೋಟದ ಹುಲ್ಲು ಕೊಟ್ಟಿಗೆಗೆ ಹೋಗುತ್ತದೆ. ಅಲ್ಲಿಂದ ಗೊಬ್ಬರವಾಗಿ ಮತ್ತೆ ಅಡಿಕೆ ಮರದ ಬುಡಕ್ಕೇ ಬರುತ್ತದೆ. ಹಾಗಾಗಿ ಕಳೆನಾಶಕ ಹೊಡೆದರೂ ಸಾಯದ ಹುಲ್ಲು ಕಂಡರೆ ತೋಟವನ್ನಷ್ಟೇ ನೋಡಿದರೆ ಸಾಲದು, ಈ ಇಡೀ ದಾರಿಯನ್ನು ನೋಡಬೇಕು.

ಮೊದಲು, ಅದು ನಿಜವಾಗಿ ಮದ್ದಿಗೆ ಬಗ್ಗದ ಕಳೆಯೇ ಅಂತ ತಿಳಿದುಕೊಳ್ಳಿ. ಹೊಡೆದು ಮೂರು ವಾರವಾದ ಮೇಲೆ ತೋಟ ಸುತ್ತಿ. ಎಲ್ಲ ಜಾತಿಯ ಕಳೆಯೂ ಅರೆಬರೆ ಉಳಿದಿದ್ದರೆ ಹೊಡೆದದ್ದೇ ಸರಿಯಾಗಿಲ್ಲ. ಗ್ಲೈಫೋಸೇಟ್ ಎಂಬ ಕಳೆನಾಶಕ ಹೊಡೆದ ಸ್ವಲ್ಪ ಹೊತ್ತಿಗೇ ಮಳೆ ಬಂದರೆ ತೊಳೆದು ಹೋಗುತ್ತದೆ. ಕೆಸರು ನೀರಿನಲ್ಲಿ ಕಲಸಿದರೆ ಮಣ್ಣಿನ ಕಣಕ್ಕೆ ಅಂಟಿಕೊಂಡು ಕೆಲಸ ಮಾಡುವುದಿಲ್ಲ. ಆದರೆ ಸುತ್ತಲಿನ ಕಳೆಯೆಲ್ಲ ಒಣಗಿ, ಒಂದೇ ಜಾತಿಯ ಹುಲ್ಲಿನಲ್ಲಿ ಕೆಲವು ಸತ್ತು ಪಕ್ಕದವು ಹಸಿರಾಗಿ ನಿಂತಿದ್ದರೆ ಅನುಮಾನ ಪಡಲೇಬೇಕು.

ಮದ್ದು ಗಿಡವನ್ನು ಗಟ್ಟಿ ಮಾಡುವುದಲ್ಲ. ಲಕ್ಷಗಟ್ಟಲೆ ಗಿಡಗಳಲ್ಲಿ ಎಲ್ಲೋ ಒಂದೆರಡು ಹುಟ್ಟಿನಿಂದಲೇ ತಡೆದುಕೊಳ್ಳುವಂಥವು ಇರುತ್ತವೆ. ವರ್ಷವೂ ಅದೇ ಮದ್ದು ಹೊಡೆದರೆ ಬೇರೆಯವು ಸಾಯುತ್ತವೆ, ಇವುಗಳ ಬೀಜ ಮಾತ್ರ ಉದುರುತ್ತದೆ. ರಾಗಿಯ ಬಳಗದ ಕಾಡು ಹುಲ್ಲೊಂದು ಗ್ಲೈಫೋಸೇಟ್‌ಗೆ ಬಗ್ಗದೆ ನಿಂತದ್ದು 1997ರಲ್ಲೇ ಮಲೇಷ್ಯಾದಲ್ಲಿ ಗೊತ್ತಾಗಿತ್ತು. ಆ ಹುಲ್ಲು ನಮ್ಮ ಅಂಗಳದಲ್ಲೂ ಬೆಳೆಯುತ್ತದೆ.

ಉಳಿದ ಗಿಡಗಳನ್ನು ತೆನೆ ಬರುವ ಮೊದಲೇ ಬೇರುಸಹಿತ ಕಿತ್ತುಬಿಡಿ. ಇಷ್ಟು ಮಾಡಿದರೆ ಅರ್ಧ ಕೆಲಸ ಮುಗಿದಂತೆ. ಮದ್ದು ಬಿದ್ದದ್ದಾದ್ದರಿಂದ ಕಿತ್ತ ಹುಲ್ಲನ್ನು ದನಕ್ಕೆ ಹಾಕಬೇಡಿ, ಗೊಬ್ಬರ ಗುಂಡಿಗೂ ಬೇಡ. ಮದ್ದಿನ ಪ್ರಮಾಣ ಜಾಸ್ತಿ ಮಾಡಿ ಮತ್ತೆ ಹೊಡೆಯುವುದಂತೂ ಬೇಡವೇ ಬೇಡ. ನಮ್ಮ ದೇಶದಲ್ಲಿ ಗ್ಲೈಫೋಸೇಟ್‌ಗೆ ಒಪ್ಪಿಗೆ ಇರುವುದು ಚಹಾ ತೋಟಕ್ಕೆ ಮತ್ತು ಬೆಳೆಯಿಲ್ಲದ ಜಾಗಕ್ಕೆ. ಅಡಿಕೆ ತೋಟ ಅದರಲ್ಲಿ ಇಲ್ಲ.

ಇನ್ನು ಭತ್ತದ ಗದ್ದೆಯಲ್ಲಿ ಮದ್ದು ಬದಲಿಸುವಾಗ ಡಬ್ಬಿಯ ಹೆಸರಿಗೆ ಮೋಸಹೋಗಬೇಡಿ, ಒಳಗಿನ ರಾಸಾಯನಿಕದ ಹೆಸರು ಓದಿ. ಬಿಸ್ಪೈರಿಬ್ಯಾಕ್ ಸೋಡಿಯಂ ಬಿಟ್ಟು ಪೈರಜೊಸಲ್ಫ್ಯೂರಾನ್ ಹಿಡಿದರೆ ಬದಲಿಸಿದಂತೆ ಆಗುವುದಿಲ್ಲ. ಎರಡೂ ಕಳೆಯೊಳಗಿನ ಒಂದೇ ಕಿಣ್ವವನ್ನು ತಡೆಯುವಂಥವು. ಪ್ರೆಟಿಲಾಕ್ಲೋರ್ ಬೇರೆ ಬಗೆಯದು, ಆದರೆ ಅದನ್ನು ಕಳೆ ಹುಟ್ಟುವ ಮೊದಲೇ ಹಾಕಬೇಕು. 2,4-ಡಿ ಕೂಡ ಬೇರೆಯೇ. ಅದು ಗಾಳಿಗೆ ತೇಲಿ ಕಾಳುಮೆಣಸಿನ ಬಳ್ಳಿಗೆ ತಾಗಿದರೆ ಬಳ್ಳಿ ಮುರುಟುತ್ತದೆ, ಹತ್ತಿರ ತೋಟವಿದ್ದವರು ಅದರ ಸಹವಾಸಕ್ಕೆ ಹೋಗದಿರುವುದೇ ಒಳ್ಳೆಯದು.

ತೋಟಕ್ಕೆ ನನ್ನ ಮಾತು ಕೇಳಿದರೆ ಕತ್ತಿ, ಯಂತ್ರ ಮತ್ತು ದರಕು (ಒಣಗಿದ ಎಲೆ) ಸಾಕು. ಹೂ ಬಿಡುವ ಮೊದಲು ಕೊಯ್ಯಿರಿ, ಬುಡಕ್ಕೆ ಬೆಟ್ಟದ ದರಕು ದಪ್ಪಗೆ ಹೊದೆಸಿ. ಬೆಳಕು ಸಿಗದಿದ್ದರೆ ಸಣ್ಣ ಬೀಜಗಳು ಮೇಲೇಳುವುದು ಕಷ್ಟ. ಮದ್ದು ಹೊಡೆಯದ ತೋಟದ ಹುಲ್ಲನ್ನು ಧೈರ್ಯವಾಗಿ ದನಕ್ಕೆ ಹಾಕಬಹುದು.

ಆ ಹುಲ್ಲಿನ ಹೊರೆ ಹೊತ್ತು ಹೋರಿಯ ಹತ್ತಿರ ಹೋಗುವ ಹೊತ್ತೇ ಅಪಾಯದ್ದು. ಕೈ ತುಂಬಿರುತ್ತದೆ, ಕಣ್ಣಿಗೆ ಹೊರೆ ಅಡ್ಡ, ಹೋರಿಗೆ ಹಸಿವು. ಹೊರೆಯನ್ನು ಹೊರಗೇ ಇಳಿಸಿ, ಗೋದಲಿಯ ಆಚೆಬದಿಯಿಂದ ಸ್ವಲ್ಪಸ್ವಲ್ಪವೇ ಹಾಕಿ. ಹತ್ತಿರ ಹೋಗಲೇಬೇಕಿದ್ದರೆ ಮಾತಾಡುತ್ತಾ, ಪಕ್ಕದಿಂದ, ಅದಕ್ಕೆ ಕಾಣುವಂತೆ ಹೋಗಿ. ದನಕ್ಕೆ ಸುತ್ತಲಿನದು ಹೆಚ್ಚುಕಡಿಮೆ ಎಲ್ಲ ಕಾಣುತ್ತದೆ, ಬೆನ್ನ ಹಿಂದಿನದು ಮಾತ್ರ ಕಾಣುವುದಿಲ್ಲ. ಗೋಡೆಗೂ ಹೋರಿಗೂ ನಡುವೆ ಎಂದೂ ನಿಲ್ಲಬೇಡಿ. ಬಾಗಿಲು ನಿಮ್ಮ ಬದಿಗೇ ಇರಲಿ.

ಮಲೆನಾಡು ಗಿಡ್ಡ, ಸಣ್ಣ ತಳಿಯ ದನ ಅಂತ ಸಸಾರ ಮಾಡಬೇಡಿ. ನಮ್ಮ ಮನೆಯಲ್ಲೊಂದು ಗಂಡುಕರುವಿನ ಹಣೆ ತಳ್ಳಿ ತಳ್ಳಿ ಆಡಿಸುತ್ತಿದ್ದೆವು. ಎರಡು ವರ್ಷಕ್ಕೆ ಅದೇ ಆಟವನ್ನು ಅದು ಅಪ್ಪನ ಮೇಲೆ ಆಡಿತು. ಗೋಡೆಗೆ ಒತ್ತಿಹೋದ ಅಪ್ಪನ ಪಕ್ಕೆಲುಬು ಮುರಿಯಿತು. ಅದಕ್ಕೆ ಸಿಟ್ಟೇನೂ ಇರಲಿಲ್ಲ, ಕಲಿಸಿದವರು ನಾವೇ. ಕರುವನ್ನು ಕುತ್ತಿಗೆಯ ಹತ್ತಿರ ತುರಿಸಿ, ಹಣೆ ಮುಟ್ಟಬೇಡಿ. ಒಂಟಿಯಾಗಿ ಕಟ್ಟಿ ಸಾಕದೆ ಬೇರೆ ದನಗಳ ಜೊತೆ ಬೆಳೆಸಿ.

ಹೋರಿ ಮೈಯನ್ನು ಅಡ್ಡಲಾಗಿ ತೋರಿಸಿ ಬೆನ್ನು ಉಬ್ಬಿಸಿದರೆ, ತಲೆ ತಗ್ಗಿಸಿ ನೆಲ ಕೆರೆದರೆ ಅದು ಎಚ್ಚರಿಕೆ. ಓಡಬೇಡಿ, ಬೆನ್ನು ಹಾಕಬೇಡಿ. ಅದರ ಮೇಲೆ ಕಣ್ಣಿಟ್ಟು ನಿಧಾನವಾಗಿ ಹಿಂದೆ ಸರಿದು ಹೊರಗೆ ಬನ್ನಿ. ಮೂಗುದಾರವೊಂದನ್ನೇ ನಂಬದೆ ಕುತ್ತಿಗೆಯ ಹಗ್ಗವನ್ನೂ ಹಾಕಿ. ಬೇರೆ ಕಡೆ ಕಟ್ಟುವಾಗ ಇಬ್ಬರಿರಲಿ. ಹಗ್ಗವನ್ನು ಕೈಗೆ ಸುತ್ತಿಕೊಳ್ಳಬೇಡಿ.

ಇನ್ನು ಗೊಬ್ಬರ ಗುಂಡಿ. ಎಷ್ಟೋ ಕಳೆಬೀಜಗಳು ದನದ ಹೊಟ್ಟೆಯಲ್ಲಿ ಸಾಯದೆ ಸಗಣಿಯಲ್ಲಿ ಹೊರಬರುತ್ತವೆ. ಹಸಿ ಗೊಬ್ಬರ ಹಾಕಿದರೆ ನಾವೇ ಬಿತ್ತಿದಂತೆ ಅಲ್ವಾ? ರಾಶಿಯ ಒಳಗೆ 55ರಿಂದ 60 ಡಿಗ್ರಿ ಬಿಸಿ ಕೆಲವು ದಿನ ನಿಂತರೆ ಹೆಚ್ಚಿನ ಬೀಜ ಸಾಯುತ್ತವೆ. ಅಂಚಿನ ಗೊಬ್ಬರ ಅಷ್ಟು ಕಾಯುವುದಿಲ್ಲ, ಅದನ್ನು ಎರಡು ಮೂರು ಸಲ ಒಳಗೆ ತಿರುವಿ ಹಾಕಿ. ತೋಟಕ್ಕೆ ಹೊರುವ ಮೊದಲು ಒಂದು ಬುಟ್ಟಿ ಗೊಬ್ಬರಕ್ಕೆ ನೀರು ಚಿಮುಕಿಸಿ ಎರಡು ವಾರ ಜಗಲಿಯ ಅಂಚಿನಲ್ಲಿ ಇಡಿ. ಹುಲ್ಲು ಚಿಗುರಿದರೆ ರಾಶಿಯನ್ನು ಇನ್ನೊಮ್ಮೆ ತಿರುವಿ, ಮತ್ತೆ ಕಾಯಲು ಬಿಡಿ.